ಹತ್ತು ಬೆರಳುಗಳೇ ಬಂಡವಾಳ

ದರ್ಜಿಗೆ ಹೊಲಿಗೆಯ ಯಂತ್ರ ಬೇಕು. ಅಕ್ಕಸಾಲಿಗನಿಗೆ ಕುಲುಮೆ ಬೇಕು, ತಕ್ಕಡಿ ಬೇಕು. ಬೀದಿಯಲ್ಲಿ ಕಡಲೆಕಾಯಿ ಮಾರುವವನಿಗೂ ಒಂದು ಬುಟ್ಟಿ, ಅಳೆದುಕೊಡಲು ಒಂದು ಪಾವು ಬೇಕು. ಮೈ ನೀವಿ, ಬಿಗಿದ ಸ್ನಾಯುಗಳನ್ನು ಸಡಿಲಿಸಿ, ನೋವಿಳಿಸಿ ಹೊಟ್ಟೆ ಹೊರೆಯುವ ಅಂಗಮರ್ದಕನಿಗೆ ಮಾತ್ರ ಹತ್ತು ಬೆರಳುಗಳಿದ್ದರೆ ಸಾಕೆಂದು ಮೇಲುನೋಟಕ್ಕೆ ತೋರುತ್ತದೆ. ಕಣ್ಣು ಸಹ ಬೇಕಿಲ್ಲ. ದೃಷ್ಟಿಹೀನರ ಪಾಲಿಗೆ ಇದಕ್ಕಿಂತ ತಕ್ಕ ಕಸುಬು ಬೇರೊಂದಿಲ್ಲವೆಂದು ಯಾರಿಗಾದರೂ ಥಟ್ಟನೆ ಹೊಳೆದೀತು.

ಹೊಳೆಯುವುದು ಸುಲಭ, ನಡೆಸುವುದು ಕಷ್ಟ. ಕಣ್ಣಿಲ್ಲದವನಿಗೆ ಈ ವಿದ್ಯೆಯನ್ನು ಕಲಿಸುವವರಾರು? ಕಲಿತನೆಂಬುದಕ್ಕೆ ಪ್ರಮಾಣವೇನು? ಆತನನ್ನು ನಂಬಿ ಮೈಯೊಪ್ಪಿಸುವವರು ಎಲ್ಲಿಂದ ಬರಬೇಕು? ಒಂದು ಕೋಣೆಯನ್ನು ಹಿಡಿದು, ಬಾಗಿಲಿಗೆ ತನ್ನ ಹೆಸರಿನ ಹಲಗೆಯನ್ನು ತೂಗುಹಾಕುವವರೆಗೆ ಆತನ ಅನ್ನಕ್ಕೆ ದಾರಿ ಯಾವುದು? ಈ ಪ್ರಶ್ನೆಗಳಿಗೆ ಜಪಾನ್ ದೇಶವು ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲದಿಂದ ಉತ್ತರ ಹುಡುಕುತ್ತ ಬಂದಿದೆ. ದಾನಧರ್ಮದ ದಾರಿಯನ್ನು ಹಿಡಿಯದೆ, ಶಾಲೆ, ಸಂಘ, ಪರವಾನಗಿಗಳ ದಾರಿಯನ್ನು ಹಿಡಿದುದು ಅಲ್ಲಿಯ ವೈಶಿಷ್ಟ್ಯ.

ಜಪಾನೀಯರ ಈ ಸಾಂಪ್ರದಾಯಿಕ ಅಂಗಮರ್ದನಕ್ಕೆ ‘ಅನ್‌ಮ’ ಎಂದು ಹೆಸರು. ವೇಗವಾಗಿ ಉಚ್ಚರಿಸಿದರೆ ಕನ್ನಡಿಗರ ಕಿವಿಗೆ ‘ಅಮ್ಮ’ ಎಂದೇ ಕೇಳಿಸುವ ಈ ಪದ ಚೀನಾದಿಂದ ಬಂದುದು. ಒತ್ತುವುದು, ಉಜ್ಜುವುದು ಎಂಬ ಎರಡು ಕ್ರಿಯೆಗಳು ಅದರಲ್ಲಿ ಅಡಗಿವೆ. ನರಕಚತುರ್ದಶಿಯ ನಸುಕಿನಲ್ಲಿ ಮನೆಯ ಹಿರಿಯರಿಂದ ತಲೆಗೂ ಮೈಗೂ ಎಣ್ಣೆ ಒತ್ತಿಸಿಕೊಂಡು ಬೆಳೆದ ನಮ್ಮವರಿಗೆ ಅಂಗಮರ್ದನವೆಂದೊಡನೆ ಎಣ್ಣೆಯ ಬಟ್ಟಲು, ಹಂಡೆಯ ಬಿಸಿನೀರು, ಸೀಗೆಪುಡಿಗಳ ನೆನಪಾಗುತ್ತದೆ. ಅನ್‌ಮದಲ್ಲಿ ಎಣ್ಣೆಯಿಲ್ಲ. ಉಟ್ಟ ಬಟ್ಟೆಯ ಮೇಲೆಯೇ, ಬೇಕಾದರೆ ಒಂದು ತೆಳುವಾದ ವಸ್ತ್ರವನ್ನು ಹಾಸಿ, ಬೆರಳು, ಅಂಗೈ, ಮೊಣಕೈಗಳಿಂದ ಒತ್ತುತ್ತ, ಹಿಸುಕುತ್ತ, ತಟ್ಟುತ್ತ ಹೋಗುವರು. ಕೈ ಚಲಿಸುವ ದಿಕ್ಕು ದೇಹದ ನಡುವಿನಿಂದ ಅಂಚುಗಳ ಕಡೆಗೆ. ಐರೋಪ್ಯರ ಪದ್ಧತಿಯಲ್ಲಿ ಇದು ತಿರುವುಮುರುವು. ಅಲ್ಲಿ ಕೈಕಾಲುಗಳ ತುದಿಯಿಂದ ಹೃದಯದ ಕಡೆಗೆ ನೀವುವರು. ಬಟ್ಟೆಯನ್ನು ಕಳಚಬೇಕಾಗಿಲ್ಲವೆಂಬ ಒಂದೇ ಕಾರಣದಿಂದ ಅನ್‌ಮಕ್ಕೆ ವಿಶೇಷ ಕೋಣೆಯಾಗಲಿ, ಸ್ನಾನದ ಏರ್ಪಾಡಾಗಲಿ ಬೇಕಾಗಲಿಲ್ಲ. ಬಡವನ ಮನೆಯ ಚಾಪೆಯ ಮೇಲೂ ಅದು ನಡೆಯಿತು.

ಎಡವಿದ ಕಲ್ಲು

ಈ ಕಸುಬಿಗೆ ಶಾಲೆಯ ಶಿಸ್ತನ್ನು ತಂದವರಲ್ಲಿ ಅಗ್ರಗಣ್ಯನು ಸುಗಿಯಾಮಾ ವಾಯಿಚಿ. ಹುಟ್ಟಿದುದು 1610ರಲ್ಲಿ, ಸಮುರಾಯ್ ಮನೆತನದಲ್ಲಿ. ಬಾಲ್ಯದಲ್ಲಿಯೇ ರೋಗದಿಂದ ಕಣ್ಣು ಹೋದುದರಿಂದ ಕತ್ತಿಯ ವೃತ್ತಿ ಕೈತಪ್ಪಿತು. ಹುಡುಗನು ಎಡೊ ನಗರಕ್ಕೆ, ಎಂದರೆ ಇಂದಿನ ಟೋಕಿಯೋಗೆ ಬಂದು, ಸೂಜಿಚಿಕಿತ್ಸೆಯ ಗುರುವೊಬ್ಬನ ಬಳಿ ಶಿಷ್ಯನಾಗಿ ಸೇರಿದನು. ಹೇಳಿಕೊಟ್ಟುದು ನೆನಪಿನಲ್ಲಿ ನಿಲ್ಲದು; ಕೈಯೂ ಚುರುಕಿಲ್ಲ. ಗುರುವು ಬೇಸತ್ತು ಹೊರಗೆ ಹಾಕಿದನು.

ಮುಂದಿನ ಸಂಗತಿ ಐತಿಹ್ಯ. ಜಪಾನಿನ ಅಂಧರಲ್ಲಿ ಅದನ್ನು ಕೇಳದವರು ವಿರಳ. ನಿರಾಶನಾದ ವಾಯಿಚಿ ಎನೊಶಿಮಾ ದ್ವೀಪದ ಗುಹೆಯೊಂದರಲ್ಲಿ ಬೆನ್‌ಜಾಯ್‌ತೆನ್ ದೇವಿಯನ್ನು ಕುರಿತು ಉಪವಾಸವಿದ್ದು ಪ್ರಾರ್ಥಿಸಿದನಂತೆ. ಈ ದೇವಿ ನಮಗೆ ಅಪರಿಚಿತಳಲ್ಲ. ಬೌದ್ಧಧರ್ಮದ ಜತೆಯಲ್ಲಿ ಚೀನಾದ ಮಾರ್ಗವಾಗಿ ಜಪಾನಿಗೆ ತೆರಳಿದ ನಮ್ಮ ಸರಸ್ವತಿಯೇ ಆಕೆ. ವೀಣೆಯ ಬದಲು ಅಲ್ಲಿಯ ಬಿವಾ ಎಂಬ ತಂತಿವಾದ್ಯವನ್ನು ಹಿಡಿದಿದ್ದಾಳೆ. ಉಪವಾಸ ಮುಗಿಸಿ ಮರಳುವಾಗ ವಾಯಿಚಿ ಕಲ್ಲೊಂದನ್ನು ಎಡವಿ ಬಿದ್ದನು. ಕಾಲಿಗೆ ಏನೋ ಚುಚ್ಚಿತು. ತಡವಿ ನೋಡಿದರೆ, ಸುರುಳಿಯಾದ ಒಣ ಎಲೆಯೊಳಗೆ ಸಿಕ್ಕಿಕೊಂಡ ಪೈನ್ ಮರದ ಸೂಜಿಯೆಲೆ. ಕೊಳವೆಯೊಳಗಿನ ಸೂಜಿ ತಾನಾಗಿ ನೇರವಾಗಿ ನಿಲ್ಲುವುದೆಂಬುದು ಅವನಿಗೆ ಆಗ ಹೊಳೆಯಿತಂತೆ.

ಐತಿಹ್ಯವನ್ನು ನಂಬಲಿ ಬಿಡಲಿ, ಕೊಳವೆಯು ಮಾತ್ರ ನಿಜ. ಚಿಕ್ಕ ನಳಿಕೆಯೊಂದನ್ನು ಚರ್ಮದ ಮೇಲಿಟ್ಟು, ಅದರೊಳಗೆ ತೆಳುವಾದ ಸೂಜಿಯನ್ನು ಇಳಿಬಿಟ್ಟು, ಮೇಲಿನ ತುದಿಯನ್ನು ಬೆರಳಿನಿಂದ ತಟ್ಟುವ ವಿಧಾನವು ವಾಯಿಚಿಯಿಂದ ಪ್ರಸಿದ್ಧಿಗೆ ಬಂದಿತು. ಕಣ್ಣಿಲ್ಲದವನ ಕೈಗೆ ಅನುಕೂಲವಾಗಲೆಂದು ಹೊರಟ ಈ ಸಾಧನವನ್ನು ಇಂದು ಲೋಕದ ನಾನಾ ಕಡೆ ಕಣ್ಣುಳ್ಳ ಚಿಕಿತ್ಸಕರೂ ಬಳಸುತ್ತಿದ್ದಾರೆ.

ವಾಯಿಚಿಯ ಕೀರ್ತಿ ಐದನೆಯ ತೊಕುಗಾವಾ ಶೋಗನ್ ತ್ಸುನಾಯೋಶಿಯ ಕಿವಿಯನ್ನು ಮುಟ್ಟಿತು. ಶೋಗನ್ನನ ಕಾಯಿಲೆಯನ್ನು ನೋಡಿಕೊಂಡ ವಾಯಿಚಿಗೆ, “ಏನು ಬೇಕು, ಕೇಳು” ಎಂದು ಅಪ್ಪಣೆಯಾಯಿತೆಂದೂ, ಮುದುಕನು “ಒಂದು ಕಣ್ಣು ಸಾಕು” ಎಂದನೆಂದೂ ಹೇಳುವರು. ಕಣ್ಣನ್ನು ಕೊಡುವುದು ಆಳುವವರಿಗೂ ಸಾಧ್ಯವಿಲ್ಲವಷ್ಟೆ. ಎಡೊ ನಗರದ ಹೊಂಜೊ ಪ್ರದೇಶದಲ್ಲಿ ‘ಹಿತೊತ್ಸುಮೆ’ ಎಂಬ ಸ್ಥಳವಿತ್ತು. ‘ಮೊದಲನೆಯದು’ ಎಂಬ ಅರ್ಥದ ಆ ಹೆಸರು ಕಿವಿಗೆ ‘ಒಂದು ಕಣ್ಣು’ ಎಂದೂ ಕೇಳಿಸುತ್ತದೆ. ಅಲ್ಲಿಯ ಭೂಮಿಯನ್ನು ಶೋಗನ್ನನು ಕೊಟ್ಟನು. ಟೋಕಿಯೋ ನಗರದ ಸುಮಿದಾ ವಿಭಾಗದಲ್ಲಿ ಇಂದಿಗೂ ಅಲ್ಲಿ ವಾಯಿಚಿಯ ಹೆಸರಿನ ಗುಡಿಯುಂಟು.

ಭೂಮಿಗಿಂತ ದೊಡ್ಡ ಫಲ ಬೇರೆಯಾಗಿತ್ತು. 1682ರ ಸುಮಾರಿಗೆ ಶೋಗನ್ನನ ಆಶ್ರಯದಲ್ಲಿ ಅಂಧರಿಗೆ ಅನ್‌ಮ ಮತ್ತು ಸೂಜಿಚಿಕಿತ್ಸೆಗಳನ್ನು ಕ್ರಮವಾಗಿ ಕಲಿಸುವ ವಿದ್ಯಾಲಯ ಆರಂಭವಾಯಿತು. ಪ್ಯಾರಿಸ್ಸಿನಲ್ಲಿ ವಾಲಂತ್ಯಾ ಆಯೂಯಿ ಅಂಧರಿಗೆ ಶಾಲೆ ತೆರೆದುದು 1780ರ ದಶಕದಲ್ಲಿ. ಅದಕ್ಕಿಂತ ಸುಮಾರು ನೂರು ವರ್ಷ ಮೊದಲೇ, ಓದುಬರಹವನ್ನು ಕಲಿಸುವ ಉದ್ದೇಶದಿಂದಲ್ಲ, ಸ್ವಂತ ಕಾಲ ಮೇಲೆ ನಿಲ್ಲಿಸುವ ಉದ್ದೇಶದಿಂದ, ಎಡೊ ನಗರದಲ್ಲಿ ಅಂಧರ ಪಾಠಶಾಲೆ ನಡೆಯುತ್ತಿತ್ತು. 1694ರಲ್ಲಿ ವಾಯಿಚಿ ತೀರಿಕೊಂಡ ಬಳಿಕ ಶಿಷ್ಯರು ಬೇರೆ ಪ್ರಾಂತಗಳಿಗೂ ಅದನ್ನು ಹಬ್ಬಿಸಿದರು.

ಬೀದಿಯೋ, ಅಂಗಡಿಯೋ?

ಕಲಿತ ಮೇಲೆ ದುಡಿಮೆ. ಜಪಾನಿನ ಅಂಧ ಪುರುಷರಿಗೆ ‘ತೋದೋಜಾ’ ಎಂಬ ಸಂಘವೊಂದಿತ್ತು. 14ನೆಯ ಶತಮಾನದಲ್ಲಿ ಬಿವಾ ನುಡಿಸುತ್ತ ಹೈಕೆ ವಂಶದ ಯುದ್ಧಕಥೆಯನ್ನು ಹಾಡುತ್ತಿದ್ದ ಕುರುಡು ಗಾಯಕರಿಂದ ಬೆಳೆದ ಈ ಸಂಘವು ಕಾಲಾಂತರದಲ್ಲಿ ಅಂಗಮರ್ದಕರನ್ನೂ ಸೂಜಿಚಿಕಿತ್ಸಕರನ್ನೂ ಒಳಗೊಂಡಿತು. ಹೆಂಗಸರಿಗೆ ಇದರಲ್ಲಿ ಪ್ರವೇಶವಿರಲಿಲ್ಲ. ಊರೂರು ತಿರುಗಿ ಹಾಡುವ ‘ಗೊಜೆ’ ಎಂಬ ಅಂಧ ಗಾಯಕಿಯರು ಬೇರೆಯಾಗಿಯೇ ತಮ್ಮ ಗುಂಪುಗಳನ್ನು ಕಟ್ಟಿಕೊಂಡರು.

ಸಂಘದಲ್ಲಿ ದರ್ಜೆಗಳಿದ್ದುವು. ಕೆಳಗಿನದು ‘ಜಾಟೋ’, ತುತ್ತತುದಿಯದು ‘ಕೆನ್‌ಗ್ಯೋ’. ಇವುಗಳ ನಡುವೆ ಹತ್ತಾರು ಮೆಟ್ಟಿಲುಗಳು. 1962ರಿಂದ ಜಪಾನಿನ ಚಲಚ್ಚಿತ್ರಗಳಲ್ಲಿ ಖ್ಯಾತನಾದ ಕುರುಡು ಕತ್ತಿವೀರ ಜಾಟೋಇಚಿಯ ಹೆಸರಿನಲ್ಲಿರುವುದು ಈ ಕೆಳದರ್ಜೆಯೇ. ಕಥೆಯಲ್ಲಿ ಅವನು ಊರೂರು ಅಲೆಯುವ ಅಂಗಮರ್ದಕ. ಒಂದೊಂದು ಮೆಟ್ಟಿಲನ್ನು ಏರುವುದಕ್ಕೂ ಹಣ ತೆರಬೇಕು. ಬುಡದಿಂದ ತುದಿಯವರೆಗೆ ಏರಲು ಒಟ್ಟು 700 ರ್ಯೋ ಚಿನ್ನದ ನಾಣ್ಯಗಳಿಗೂ ಮಿಕ್ಕಿ ಬೇಕಾಗುತ್ತಿತ್ತು. ಹೀಗೆ ಕೂಡಿದ ಹಣವು ಮೇಲಿನವರಿಗೂ ಸದಸ್ಯರಿಗೂ ಹಂಚಿಕೆಯಾಗುತ್ತಿತ್ತು. ಸಂಘದವರು ಬಡ್ಡಿಗೆ ಸಾಲ ಕೊಡುವುದಕ್ಕೂ ಸರ್ಕಾರದ ರಕ್ಷಣೆಯಿತ್ತು. ಆ ರಕ್ಷಣೆ ದುರುಪಯೋಗವಾಗದಿರಲಿಲ್ಲ. ಬಡ್ಡಿಯ ಹಣದಿಂದ ಕೊಬ್ಬಿ, ಎಡೊದ ಖ್ಯಾತ ವೇಶ್ಯೆಯೊಬ್ಬಳನ್ನು ಅಪಾರ ಹಣ ತೆತ್ತು ಬಿಡಿಸಿಕೊಂಡ ತೊರಿಯಾಮಾ ಎಂಬ ಕೆನ್‌ಗ್ಯೋಗೆ 1778ರಲ್ಲಿ ಶಿಕ್ಷೆಯಾಯಿತು. ಅಂಧರ ಸಂಘವೆಂದೊಡನೆ ಕರುಣೆಯಿಂದ ಕಣ್ಣು ತೇವ ಮಾಡಿಕೊಳ್ಳುವವರು ಈ ಸಂಗತಿಯನ್ನೂ ನೆನಪಿನಲ್ಲಿಡುವುದೊಳ್ಳೆಯದು. ಅಲ್ಲಿ ಇದ್ದವರು ಮನುಷ್ಯರು; ಮನುಷ್ಯರ ಎಲ್ಲ ಗುಣಗಳೂ ಅವರಲ್ಲಿದ್ದುವು.

ಹೊಸದಾಗಿ ಕಲಿತ ಬಡ ಅಂಗಮರ್ದಕನಿಗೆ ಮಾತ್ರ ಬೀದಿಯೇ ಗತಿ. ಒಂದು ಕೈಯಲ್ಲಿ ಕೋಲು, ತುಟಿಯಲ್ಲಿ ಸೀಟಿ. ರಾತ್ರಿಯ ನಿಶ್ಶಬ್ದದಲ್ಲಿ ಆ ಸೀಟಿಯ ದನಿ ಕೇಳಿಸಿದರೆ ದಣಿದವರು ಬಾಗಿಲು ತೆರೆದು ಒಳಗೆ ಕರೆಯುವರು. 1837ರಿಂದ ಮುಂದೆ ಎಡೊ ಜೀವನದ ಚಿಕ್ಕಪುಟ್ಟ ವಿವರಗಳನ್ನೆಲ್ಲ ಬರೆದಿಟ್ಟ ಕಿತಾಗಾವಾ ಮೊರಿಸದನು ಈ ಕಸುಬಿನ ದರವನ್ನೂ ಬಿಟ್ಟಿಲ್ಲ. ಬೀದಿಯ ಅಂಗಮರ್ದಕನಿಗೆ ಮೇಲಿನಿಂದ ಕೆಳಗಿನವರೆಗೆ ಮೈ ಒತ್ತಿದ್ದಕ್ಕೆ 48 ಮೊನ್ ಸಲ್ಲುತ್ತಿತ್ತು. ಒಂದು ಬಟ್ಟಲು ಸೋಬಾ ಶಾವಿಗೆಗೆ ಆಗ 16 ಮೊನ್. ಎಂದರೆ ಒಂದು ಮೈ ಒತ್ತಿದರೆ ಮೂರು ಬಟ್ಟಲು ಶಾವಿಗೆ. ತನ್ನದೇ ಅಂಗಡಿಯನ್ನು ತೆರೆದು, ಗಿರಾಕಿಗಳು ತನ್ನಲ್ಲಿಗೆ ಬರುವಂತೆ ಮಾಡಿಕೊಂಡವನಿಗೆ 100 ಮೊನ್.

ಅದೇ ಬೆರಳು, ಅದೇ ವಿದ್ಯೆ. ಬೀದಿಯಲ್ಲಿ 48, ಸ್ವಂತ ಬಾಗಿಲಿನಲ್ಲಿ 100. ಮಳೆಚಳಿಗಳಲ್ಲಿ ಅಲೆಯುವ ಹೊತ್ತು ಉಳಿಯುತ್ತದೆಂಬುದು ಒಂದು ಲಾಭ. ಮೇಲಾಗಿ, ಎಡವಿ ಬೀಳುವ ಭಯವಿಲ್ಲದ, ಪ್ರತಿಯೊಂದು ಕಂಬವೂ ಹೊಸ್ತಿಲೂ ತನಗೆ ತಿಳಿದಿರುವ ನಾಲ್ಕು ಗೋಡೆಗಳ ನಡುವೆ ಆತನೇ ಯಜಮಾನ. ಹೊರಗೆ ಬಂದ ಗಿರಾಕಿಯೇ ಅಲ್ಲಿ ಹೊಸಬ.

ಎಲ್ಲರ ಕೈಗೂ ಒಲಿಯದ ವಿದ್ಯೆ

ಕಣ್ಣಿಲ್ಲದವರಿಗೆ ದೇವರು ಬೆರಳಿನಲ್ಲಿ ಕಣ್ಣಿಟ್ಟಿರುತ್ತಾನೆಂಬ ಮಾತು ಎಲ್ಲ ದೇಶಗಳಲ್ಲಿಯೂ ಉಂಟು. ಕೇಳಲು ಇಂಪಾದರೂ ಇದು ಪೂರ್ಣ ನಿಜವಲ್ಲ. 1746ರಲ್ಲಿ ರೈತರ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ದೃಷ್ಟಿ ಕಳೆದುಕೊಂಡ ಹನಾವಾ ಹೊಕಿಇಚಿಯ ಜೀವನವೇ ಇದಕ್ಕೆ ಸಾಕ್ಷಿ. 15ನೆಯ ವಯಸ್ಸಿನಲ್ಲಿ ಎಡೊ ನಗರಕ್ಕೆ ಬಂದು ಒಬ್ಬ ಕೆನ್‌ಗ್ಯೋನ ಶಿಷ್ಯನಾದ ಈ ಹುಡುಗನಿಗೆ ವಾದ್ಯ ಕೈಗೆ ಹತ್ತಲಿಲ್ಲ, ಸೂಜಿ ಹತ್ತಲಿಲ್ಲ, ಅಂಗಮರ್ದನವೂ ಹತ್ತಲಿಲ್ಲ. ಅಂಧನಿಗೆ ತೆರೆದಿದ್ದ ದಾರಿಗಳೆಲ್ಲ ಮುಚ್ಚಿದಂತಾಗಿ, ಪ್ರಾಣವನ್ನೇ ಕಳೆದುಕೊಳ್ಳಲು ಹೊರಟಿದ್ದನೆಂದು ಚರಿತ್ರಕಾರರು ಬರೆಯುತ್ತಾರೆ. ಗುರುವು ವಿವೇಕಿ. ಹುಡುಗನ ಒಲವು ಗ್ರಂಥಗಳಲ್ಲಿರುವುದನ್ನು ಅರಿತು, ಮೂರು ವರ್ಷ ವಿದ್ಯೆಯನ್ನೇ ಕಲಿಯೆಂದು ಬಿಟ್ಟನು. ಇತರರಿಂದ ಓದಿಸಿ ಕೇಳಿದುದನ್ನು ಒಮ್ಮೆಗೇ ನೆನಪಿನಲ್ಲಿಟ್ಟುಕೊಳ್ಳುತ್ತಿದ್ದ ಆತನು ಮುಂದೆ 1,200ಕ್ಕೂ ಹೆಚ್ಚು ಪ್ರಾಚೀನ ಕೃತಿಗಳ ಮಹಾಸಂಕಲನವನ್ನು ಸಿದ್ಧಗೊಳಿಸಿ ಅಚ್ಚು ಹಾಕಿಸಿದನು. ಅದರ 17,000ಕ್ಕೂ ಮಿಕ್ಕ ಮರದ ಅಚ್ಚುಗಳು ಟೋಕಿಯೋದಲ್ಲಿ ಇಂದಿಗೂ ಭದ್ರವಾಗಿವೆ. 1937ರಲ್ಲಿ ಜಪಾನಿಗೆ ಬಂದ ಹೆಲೆನ್ ಕೆಲ್ಲರ್ ಅವರು ಅಲ್ಲಿಗೆ ಹೋಗಿ, ಈ ಪಂಡಿತನ ಪ್ರತಿಮೆಯನ್ನು ಕೈಯಿಂದ ಮುಟ್ಟಿ ನೋಡಿದರು. ಚಿಕ್ಕಂದಿನಲ್ಲಿ ತಾಯಿ ಅವನ ಕಥೆಯನ್ನು ಹೇಳಿ ಅವರಿಗೆ ಧೈರ್ಯ ತುಂಬಿದ್ದರು.

ಆದುದರಿಂದ ಅಂಗಮರ್ದನವು ಅಂಧರಿಗೆ ಹುಟ್ಟುವಾಗಲೇ ಬರುವ ವರವಲ್ಲ, ಕಲಿಕೆಯ ಫಲ. ಆ ಕಲಿಕೆಯೂ ಅಗ್ಗದ್ದಲ್ಲ. ಇಂದಿನ ಜಪಾನಿನಲ್ಲಿ ಅಂಧರ ಶಾಲೆಗಳಲ್ಲಿಯೂ ಪುನರ್ವಸತಿ ಕೇಂದ್ರಗಳಲ್ಲಿಯೂ ಇದಕ್ಕೆ ಕನಿಷ್ಠ ಮೂರು ವರ್ಷಗಳ ಪಾಠಕ್ರಮವುಂಟು. ಮೂಳೆ, ಸ್ನಾಯು, ನರಗಳ ರಚನೆಯನ್ನು ವಿದ್ಯಾರ್ಥಿಗಳು ಅಸ್ಥಿಪಂಜರದ ಮಾದರಿಗಳನ್ನು ತಡವಿ, ಒಬ್ಬರ ಮೈಯನ್ನು ಇನ್ನೊಬ್ಬರು ಮುಟ್ಟಿ ಕಲಿಯುತ್ತಾರೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ರೋಗಲಕ್ಷಣ, ಆರೋಗ್ಯರಕ್ಷಣೆ, ಕಾನೂನು ಇವೆಲ್ಲ ಪಾಠದಲ್ಲಿವೆ. ಯಾರನ್ನು ಒತ್ತಬಾರದೆಂಬುದನ್ನು ತಿಳಿಯುವುದು ಒತ್ತುವುದಕ್ಕಿಂತಲೂ ಮುಖ್ಯ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಮೂಳೆ ಮುರಿದವರು, ಜ್ವರ ಬಂದವರು, ಚರ್ಮದಲ್ಲಿ ಸೋಂಕುಳ್ಳವರು ಬಂದರೆ ಕೈಮುಗಿದು ವೈದ್ಯರಲ್ಲಿಗೆ ಕಳುಹಿಸುವ ಧೈರ್ಯ ಬೇಕು. ಅಂದಿನ ಸಂಪಾದನೆ ತಪ್ಪಿದರೂ ಸರಿಯೆ.

ಸಂಘ ಹೋಯಿತು, ಕಾನೂನು ಬಂತು

1868ರ ಮೇಯ್ಜಿ ಕ್ರಾಂತಿಯ ಬಳಿಕ ಹೊಸ ಸರ್ಕಾರವು ಹಳೆಯ ಕಟ್ಟಳೆಗಳನ್ನೆಲ್ಲ ಕಿತ್ತೊಗೆಯುತ್ತ, 1871ರಲ್ಲಿ ತೋದೋಜಾವನ್ನೂ ರದ್ದುಗೊಳಿಸಿತು. ನೂರಾರು ವರ್ಷಗಳ ಆಸರೆಯೊಂದು ಒಂದೇ ಆಜ್ಞೆಯಿಂದ ಕುಸಿಯಿತು. 1878ರಲ್ಲಿ ಕ್ಯೋತೋ ನಗರದಲ್ಲಿಯೂ 1880ರಲ್ಲಿ ಟೋಕಿಯೋದಲ್ಲಿಯೂ ಅಂಧರಿಗಾಗಿ ಆಧುನಿಕ ಶಾಲೆಗಳು ತೆರೆದುವು. ಕೆಲಕಾಲದಲ್ಲಿ ಅಂಗಮರ್ದನವು ಅಲ್ಲಿಯೂ ಪಾಠವಾಗಿ ನುಸುಳಿ ಬಂದಿತು. 1911ರಲ್ಲಿ ಪರವಾನಗಿ ಪದ್ಧತಿ ಜಾರಿಗೆ ಬಂದಾಗ, ಅಂಧರಿಗೆ ಮಾತ್ರ ಸಲ್ಲುವ, ಹಗುರವಾದ ಕಲಿಕೆಯ ಎರಡನೆಯ ದರ್ಜೆಯ ಪರವಾನಗಿಯನ್ನು ಪ್ರತ್ಯೇಕವಾಗಿ ಇಟ್ಟರು.

ನಿಜವಾದ ಗಂಡಾಂತರ ಒದಗಿದುದು 1947ರಲ್ಲಿ. ಯುದ್ಧದಲ್ಲಿ ಸೋತ ಜಪಾನನ್ನು ಆಗ ಮಿತ್ರರಾಷ್ಟ್ರಗಳ ಸೇನಾಡಳಿತ ಆಳುತ್ತಿತ್ತು. ಸೂಜಿಚಿಕಿತ್ಸೆ ಮುಂತಾದ ಹಳೆಯ ಪದ್ಧತಿಗಳು ಅಶಾಸ್ತ್ರೀಯವೆಂದೂ ಅನಾರೋಗ್ಯಕರವೆಂದೂ ಅವುಗಳನ್ನು ನಿಷೇಧಿಸುವ ಅಭಿಪ್ರಾಯ ಆಡಳಿತದಿಂದ ಹೊರಬಿದ್ದಿತು. ಅಂಧರೂ ಅವರ ಶಿಕ್ಷಕರೂ ದೇಶದ ನಾನಾ ಕಡೆಗಳಿಂದ ಪ್ರತಿಭಟಿಸಿದರು. ಅವರ ವಾದದಲ್ಲಿ ಶಾಸ್ತ್ರದ ಮಾತಿಗಿಂತ ಅನ್ನದ ಮಾತು ಹೆಚ್ಚಿನದಾಗಿತ್ತು. ಕೊನೆಗೆ ಅದೇ ವರ್ಷ ಡಿಸೆಂಬರ್ 20ರಂದು, ಈ ಕಸುಬುಗಳನ್ನು ಶಿಕ್ಷಣ, ಪರೀಕ್ಷೆ, ಪರವಾನಗಿಗಳ ಚೌಕಟ್ಟಿನೊಳಗೆ ಉಳಿಸುವ ಶಾಸನ ಹೊರಬಂದಿತು. ತಿದ್ದುಪಡಿಗಳೊಡನೆ ಅದೇ ಶಾಸನ ಇಂದಿಗೂ ಆಳುತ್ತಿದೆ.

ಹಲಗೆಯ ಮೇಲೆ ಏನನ್ನು ಬರೆಯಬಹುದು?

ಈ ಶಾಸನದ ಪ್ರಕಾರ ಇಂದು ಟೋಕಿಯೋದಲ್ಲಿಯೋ ಒಸಾಕಾದಲ್ಲಿಯೋ ಸ್ವಂತ ಚಿಕಿತ್ಸಾಲಯವನ್ನು ತೆರೆಯಬಯಸುವ ದೃಷ್ಟಿಹೀನ ಅಂಗಮರ್ದಕರೊಬ್ಬರು ಏನೇನು ಮಾಡಬೇಕು? ಮೊದಲು ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆ; ಪ್ರಶ್ನೆಪತ್ರಿಕೆ ಬ್ರೈಲ್ ಲಿಪಿಯಲ್ಲಿಯೂ ದೊರೆಯುತ್ತದೆ. ಅನಂತರ ಮಂತ್ರಿಗಳ ಹೆಸರಿನಲ್ಲಿ ಪರವಾನಗಿ. ಪರವಾನಗಿಯಿಲ್ಲದೆ ಈ ವೃತ್ತಿಯನ್ನು ಹಿಡಿದವರಿಗೆ 5 ಲಕ್ಷ ಯೆನ್‌ಗಳವರೆಗೆ ದಂಡವುಂಟು.

ಬಳಿಕ ಸ್ಥಳ. ಚಿಕಿತ್ಸೆಗೆಂದೇ ಮೀಸಲಾದ ಕೋಣೆ ಕನಿಷ್ಠ 6.6 ಚದರ ಮೀಟರ್, ಎಂದರೆ ಸುಮಾರು 71 ಚದರ ಅಡಿ ಇರಬೇಕು. ಜಪಾನೀ ಲೆಕ್ಕದಲ್ಲಿ ನಾಲ್ಕು ಚಾಪೆಗಳ ಜಾಗ. ಬಂದವರು ಕಾಯಲು ಅದರ ಅರ್ಧದಷ್ಟು ಬೇರೆ ಕೋಣೆ. ಚಿಕಿತ್ಸೆಯ ಕೋಣೆಯ ನೆಲದ ಏಳನೆಯ ಒಂದು ಭಾಗದಷ್ಟು ಕಿಟಕಿ ಹೊರಗಿನ ಗಾಳಿಗೆ ತೆರೆಯುವಂತಿರಬೇಕು. ಇಲ್ಲವಾದರೆ ಗಾಳಿಯಾಡಲು ಅಷ್ಟೇ ಸಮರ್ಪಕವಾದ ಬೇರೆ ಏರ್ಪಾಡಿರಬೇಕು. ಕೈ ಮತ್ತು ಸಲಕರಣೆಗಳನ್ನು ಸೋಂಕುಮುಕ್ತಗೊಳಿಸುವ ಸಾಧನ ಬೇಕು. ಬಾಗಿಲು ತೆರೆದ 10 ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಹೀಗಾಗಿ ಸಾಧಾರಣ ಮನೆಯ ಮುಂದಿನ ಎರಡು ಕೋಣೆಗಳಲ್ಲಿಯೇ ಚಿಕಿತ್ಸಾಲಯವನ್ನು ನಡೆಸಲು ಸಾಧ್ಯವಿದೆ. ಅಷ್ಟೂ ಅನುಕೂಲವಿಲ್ಲದವರು ರೋಗಿಗಳ ಮನೆಗಳಿಗೆ ಹೋಗಿ ಚಿಕಿತ್ಸೆ ಮಾಡುವುದಾಗಿ ಮಾತ್ರ ತಿಳಿಸಿ ಆರಂಭಿಸಬಹುದು. ಎಡೊ ಕಾಲದ ಬೀದಿ ಮತ್ತು ಅಂಗಡಿಗಳ ಭೇದ ಕಾನೂನಿನ ಭಾಷೆಯಲ್ಲಿ ಹೀಗೆ ಉಳಿದುಬಂದಿದೆ.

ಹಲಗೆಯ ವಿಷಯದಲ್ಲಿ ಕಾನೂನು ಬಲು ಕಟ್ಟುನಿಟ್ಟು. ಚಿಕಿತ್ಸಕರ ಹೆಸರು, ವಿಳಾಸ, ದೂರವಾಣಿಯ ಸಂಖ್ಯೆ, ಕಸುಬಿನ ಬಗೆ, ತೆರೆದಿರುವ ದಿನ ಮತ್ತು ವೇಳೆ, ಇಂಥ ಕೆಲವನ್ನು ಮಾತ್ರ ಪ್ರಕಟಿಸಬಹುದು. ತನ್ನ ಕೈಗುಣ, ವಿಧಾನ, ಅನುಭವಗಳನ್ನು ಕುರಿತು ಒಂದಕ್ಷರವನ್ನೂ ಬರೆಯುವಂತಿಲ್ಲ. ಸಕಲರೋಗನಿವಾರಕ ಲೇಹ್ಯಗಳ ಜಾಹೀರಾತುಗಳನ್ನು ಓದಿ ಬೆಳೆದ ನಮ್ಮವರಿಗೆ ಇದು ಸೋಜಿಗವಾಗಿ ಕಂಡೀತು. ಹೊಸದಾಗಿ ಆರಂಭಿಸಿದವರಿಗೆ ಇದರಿಂದ ಕಷ್ಟವೂ ಉಂಟು. ಬಾಯಿಂದ ಬಾಯಿಗೆ ಹೆಸರು ಹರಡುವವರೆಗೆ ಕೋಣೆ ಬರಿದಾಗಿಯೇ ಇರುತ್ತದೆ. ಬಾಡಿಗೆ ಮಾತ್ರ ಮೊದಲ ತಿಂಗಳಿನಿಂದಲೇ ಕೊಡಬೇಕು. ಕೈಯಲ್ಲಿ ಕೆಲವು ತಿಂಗಳ ಖರ್ಚಿಗಾಗುವಷ್ಟು ಉಳಿತಾಯವಿಲ್ಲದೆ ಹಲಗೆ ತೂಗುಹಾಕುವುದು ಸಾಹಸವೇ ಸರಿ.

ಈ ಕಸುಬಿನ ಆದಾಯಕ್ಕೆ ಇನ್ನೊಂದು ಮಿತಿ ಬೆರಳುಗಳದ್ದೇ. ಅಂಗಡಿಗಾರನು ಸರಕನ್ನು ಇಮ್ಮಡಿ ತರಿಸಬಲ್ಲ. ಅಂಗಮರ್ದಕನು ಗಂಟೆಗೆ ಒಬ್ಬರನ್ನಷ್ಟೇ ನೋಡಬಲ್ಲ, ದಿನಕ್ಕೆ ಇಂತಿಷ್ಟು ಗಂಟೆ ಮಾತ್ರ ದುಡಿಯಬಲ್ಲ. ಮಿತಿಮೀರಿದರೆ ಮೊದಲು ಸೋಲುವುದು ಹೆಬ್ಬೆರಳಿನ ಕೀಲು, ಅನಂತರ ಮಣಿಕಟ್ಟು, ಸೊಂಟ. ಇದಕ್ಕಾಗಿಯೇ ಬೆರಳಿನ ಬಲದಿಂದ ಒತ್ತದೆ, ಮೈಯ ಭಾರವನ್ನು ತೋಳಿನ ಮೂಲಕ ಇಳಿಸುವ ಅಭ್ಯಾಸವನ್ನು ಶಾಲೆಯಲ್ಲಿ ಮಾಡಿಸುವರು. ಬಂಡವಾಳವೇ ಬೆರಳಾದ ಮೇಲೆ ಅದನ್ನು ಸವೆಯಗೊಡದಂತೆ ಕಾಯುವುದು ವ್ಯಾಪಾರದ ಮೊದಲ ಲೆಕ್ಕ.

ಹಣ ಎಣಿಸುವುದಕ್ಕೆ ತೊಂದರೆಯಿಲ್ಲ. ಜಪಾನಿನ ನೋಟುಗಳಲ್ಲಿ ಬೆರಳಿಗೆ ತಿಳಿಯುವ ಗುರುತುಗಳಿವೆ. ರೋಗಿಗಳ ವಿವರವನ್ನು ಮೊದಲು ಬ್ರೈಲ್ ಲಿಪಿಯಲ್ಲಿ ಬರೆದಿಡುತ್ತಿದ್ದರು; ಈಗ ಬರಹವನ್ನು ಓದಿಹೇಳುವ ಕಂಪ್ಯೂಟರ್‌ಗಳು ಬಂದಿವೆ. ಪಾರ್ಶ್ವವಾಯು ಮುಂತಾದುವುಗಳಿಂದ ಅಂಗ ಬಿಗಿದವರಿಗೆ, ವೈದ್ಯರ ಒಪ್ಪಿಗೆಯ ಪತ್ರವಿದ್ದರೆ, ಅಂಗಮರ್ದನದ ಖರ್ಚು ಸಾರ್ವಜನಿಕ ಆರೋಗ್ಯವಿಮೆಯಿಂದ ದೊರೆಯುತ್ತದೆ. ಹಾಸಿಗೆ ಹಿಡಿದ ವೃದ್ಧರ ಮನೆಗಳಿಗೆ ಹೋಗುವವರಿಗೆ ಇದರಿಂದ ದೊಡ್ಡ ಆಸರೆ. ಸ್ವಂತ ಬಾಗಿಲಿನ ಅನಿಶ್ಚಯ ಬೇಡವೆನ್ನುವವರಿಗೆ ಆಸ್ಪತ್ರೆಗಳುಂಟು. ದೊಡ್ಡ ಕಂಪೆನಿಗಳು ತಮ್ಮ ನೌಕರರ ಕತ್ತುಬೆನ್ನುಗಳ ನೋವನ್ನು ನೋಡಿಕೊಳ್ಳಲು ‘ಹೆಲ್ತ್ ಕೀಪರ್’ ಎಂಬ ಹೆಸರಿನಲ್ಲಿ ಅಂಧ ಅಂಗಮರ್ದಕರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದೂ ಉಂಟು.

‘ಸದ್ಯಕ್ಕೆ’ ಎಂಬ ಒಂದು ಮಾತು

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಅಂಧರ ಕೈಯಿಂದ ಕಸುಬು ಜಾರುತ್ತಲೇ ಬಂದಿದೆ. ಕಣ್ಣುಳ್ಳವರು ಈ ವೃತ್ತಿಗೆ ಬಂದುದೇ ಅದಕ್ಕೆ ಕಾರಣ. ಅವರಲ್ಲಿಯೂ ಪ್ರತಿಭಾವಂತರಿದ್ದರು. ಹೆಬ್ಬೆರಳಿನಿಂದ ಒತ್ತುವ ‘ಶಿಯಾತ್ಸು’ ಪದ್ಧತಿಯನ್ನು ಲೋಕಪ್ರಸಿದ್ಧಗೊಳಿಸಿದ ನಮಿಕೊಶಿ ತೊಕುಜಿರೋ ಬಾಲ್ಯದಲ್ಲಿ ತಾಯಿಯ ಕೀಲುನೋವನ್ನು ಒತ್ತಿ ಇಳಿಸುತ್ತ ಈ ವಿದ್ಯೆಗೆ ಬಂದವರು. 1925ರಲ್ಲಿ ಹೊಕ್ಕಾಯ್ದೋ ದ್ವೀಪದ ಮುರೊರಾನ್ ಪಟ್ಟಣದಲ್ಲಿ ಸ್ವಂತ ಚಿಕಿತ್ಸಾಲಯವನ್ನು ತೆರೆದರು. 1954ರಲ್ಲಿ ಜಪಾನಿಗೆ ಬಂದಿದ್ದ ಚಿತ್ರತಾರೆ ಮರ್ಲಿನ್ ಮನ್ರೋಗೆ ಅವರು ಚಿಕಿತ್ಸೆ ಮಾಡಿದ ಸುದ್ದಿ ಶಿಯಾತ್ಸು ಹೆಸರನ್ನು ಮನೆಮಾತಾಗಿಸಿತು. ಮರುವರ್ಷವೇ ಶಾಸನದಲ್ಲಿ ಆ ಹೆಸರು ಸೇರಿತು. ಕಣ್ಣುಳ್ಳವರ ಶಾಲೆಗಳು ತುಂಬಿಕೊಂಡುವು.

ಆಗ, 1964ರಲ್ಲಿ, ಶಾಸನಕ್ಕೆ ಒಂದು ಪರಿಚ್ಛೇದ ಸೇರಿತು. ದೃಷ್ಟಿಹೀನ ಅಂಗಮರ್ದಕರ ಜೀವನೋಪಾಯಕ್ಕೆ ತೀವ್ರ ತೊಡಕಾಗದಂತೆ ನೋಡಿಕೊಳ್ಳುವ ಸಲುವಾಗಿ, ಕಣ್ಣುಳ್ಳವರಿಗೆ ಅಂಗಮರ್ದನ ಕಲಿಸುವ ಹೊಸ ಶಾಲೆಗಳಿಗೆ ಸರ್ಕಾರವು ‘ಸದ್ಯಕ್ಕೆ’ ಅನುಮತಿ ನಿರಾಕರಿಸಬಹುದು ಎಂಬುದು ಅದರ ತಾತ್ಪರ್ಯ. ಆ ‘ಸದ್ಯಕ್ಕೆ’ ಎಂಬುದು ಅರವತ್ತು ವರ್ಷಗಳನ್ನು ದಾಟಿದೆ. ಅನುಮತಿ ಸಿಗದ ವಿದ್ಯಾಸಂಸ್ಥೆಯೊಂದು, ವೃತ್ತಿಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯಕ್ಕೆ ಇದು ವಿರುದ್ಧವೆಂದು ದಾವೆ ಹೂಡಿತು. 2022ರ ಫೆಬ್ರವರಿ 7ರಂದು ಜಪಾನಿನ ಸರ್ವೋಚ್ಚ ನ್ಯಾಯಾಲಯವು ನಿರ್ಬಂಧವು ಸಂವಿಧಾನಬದ್ಧವೆಂದು ತೀರ್ಪಿತ್ತಿತು.

ನೆರೆಯ ದೇಶಗಳ ಕಥೆ ಬೇರೆ. ಜಪಾನೀ ಆಡಳಿತದ ಕಾಲದಲ್ಲಿ ಈ ಪದ್ಧತಿ ಬೇರೂರಿದ ಕೊರಿಯಾದಲ್ಲಿ, ದಕ್ಷಿಣ ಕೊರಿಯಾದ ಕಾನೂನು ಈ ವೃತ್ತಿಯನ್ನು ಅಂಧರಿಗೆ ಮಾತ್ರ ಮೀಸಲಿಟ್ಟಿತ್ತು. 2006ರ ಮೇ ತಿಂಗಳಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿದಾಗ, ಅಂಧ ಅಂಗಮರ್ದಕರು ಸೋಲ್ ನಗರದ ಮಾಪೊ ಸೇತುವೆಯ ಮೇಲೆ ನೆರೆದು, ಕೆಲವರು ಹಾನ್ ನದಿಗೆ ಹಾರಿಯೇ ಬಿಟ್ಟರು. ಕೆಲವೇ ತಿಂಗಳಲ್ಲಿ ಸಂಸತ್ತು ಮೀಸಲಾತಿಯನ್ನು ಶಾಸನದಲ್ಲಿಯೇ ಸೇರಿಸಿತು. 2008ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ 2008ರ ಅಕ್ಟೋಬರ್ 31ರಂದು ತೈವಾನಿನ ನ್ಯಾಯಾಧೀಶರು ತಮ್ಮಲ್ಲಿಯ ಅಂಥದೇ ಮೀಸಲಾತಿಯನ್ನು ಸಂವಿಧಾನಬಾಹಿರವೆಂದು ಸಾರಿ, ಮೂರು ವರ್ಷಗಳ ಗಡುವು ಕೊಟ್ಟರು. ಅಲ್ಲಿಯ ಅಂಧ ಅಂಗಮರ್ದಕರು ಈಗ ರೈಲು ಮತ್ತು ವಿಮಾನ ನಿಲ್ದಾಣಗಳಲ್ಲಿ ಆಸನಗಳನ್ನಿಟ್ಟುಕೊಂಡು ದುಡಿಯುವುದು ಕಂಡುಬರುತ್ತದೆ.

ಜಪಾನಿನ ಪರಿಚ್ಛೇದಕ್ಕೂ ಒಂದು ದೊಡ್ಡ ಕಿಂಡಿಯಿದೆ. ಹಾನಿಯ ಭಯವಿಲ್ಲದ ಕ್ರಿಯೆಯನ್ನು ಶಿಕ್ಷಿಸಲಾಗದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ಹೇಳಿದ ಮಾತನ್ನು ಹಿಡಿದು, ‘ಅಂಗಮರ್ದನ’ ಎಂಬ ಹೆಸರನ್ನು ಬಳಸದೆ, ‘ವಿಶ್ರಾಂತಿ’, ‘ಮೈ ಸರಿಪಡಿಸುವಿಕೆ’ ಮುಂತಾದ ಹೆಸರುಗಳಲ್ಲಿ ಪರವಾನಗಿಯಿಲ್ಲದ ಅಂಗಡಿಗಳು ಪೇಟೆಪೇಟೆಗಳಲ್ಲಿ ಎದ್ದಿವೆ. ಅವುಗಳಿಗೆ ಹಲಗೆಯ ಕಟ್ಟಳೆಯಿಲ್ಲ. ಬಣ್ಣದ ದೀಪಗಳುಂಟು, ರಿಯಾಯಿತಿಗಳುಂಟು. ಮೂರು ವರ್ಷ ಓದಿ ಪರೀಕ್ಷೆ ಗೆದ್ದವರು ಮೌನದ ಹಲಗೆಯ ಕೆಳಗೆ ಗಿರಾಕಿಗಳಿಗಾಗಿ ಕಾಯುವುದು, ಏನನ್ನೂ ಓದದವರು ಗಂಟಲು ಬಿರಿಯುವಂತೆ ಸಾರಿಕೊಳ್ಳುವುದು, ಇದು ನ್ಯಾಯವೆಂದು ಹೇಳುವುದು ಕಷ್ಟ. 1960ರ ದಶಕದ ಆರಂಭದಲ್ಲಿ ಪರವಾನಗಿಯುಳ್ಳ ಅಂಗಮರ್ದಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ದೃಷ್ಟಿಹೀನರಾಗಿದ್ದರು. 2010ರ ದಶಕದ ವೇಳೆಗೆ ನಾಲ್ಕರಲ್ಲಿ ಒಂದು ಪಾಲಿಗೂ ಕಡಮೆ.

ಇನ್ನೊಂದು ಮಾತೂ ಉಂಟು. ಕಣ್ಣಿಲ್ಲದ ಮಗುವೆಂದೊಡನೆ ಅಂಗಮರ್ದಕನೆಂದು ಮೊದಲೇ ತೀರ್ಮಾನಿಸುವ ರೂಢಿಯನ್ನು ಅಲ್ಲಿಯ ಅಂಧ ತರುಣರೇ ಒಪ್ಪರು. ಕಂಪ್ಯೂಟರ್, ಕಾನೂನು, ಬೋಧನೆ, ಕಚೇರಿಯ ಕೆಲಸಗಳೆಡೆಗೆ ಅವರು ಮುಖ ಮಾಡಿದ್ದಾರೆ. ಹೊಕಿಇಚಿಯ ನಾಡಿನಲ್ಲಿ ಇದು ಹೊಸದೇನಲ್ಲ. ಈ ವಿದ್ಯೆಯನ್ನು ಕಲಿಯಲು ಬರುವವರಲ್ಲಿ ಈಗ ಮಧುಮೇಹದಿಂದಲೋ ಕಣ್ಣಿನ ನರದ ಬೇನೆಯಿಂದಲೋ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು ಅನೇಕರು. ಮನೆಯ ಸಾಲ, ಓದುವ ಮಕ್ಕಳು, ಕೈಬಿಟ್ಟುಹೋದ ಹಳೆಯ ಉದ್ಯೋಗ, ಇವೆಲ್ಲವನ್ನೂ ಹೊತ್ತು ಅವರು ಟೋಕಿಯೋದ ಹತ್ತಿರದ ತೊಕೊರೊಜಾವಾದಲ್ಲಿರುವ ರಾಷ್ಟ್ರೀಯ ಪುನರ್ವಸತಿ ಕೇಂದ್ರದಂಥ ಸ್ಥಳಗಳಿಗೆ ಬರುತ್ತಾರೆ. ಕೋಲು ಹಿಡಿದು ನಡೆಯುವುದನ್ನೂ ಬ್ರೈಲ್ ಚುಕ್ಕಿಗಳನ್ನೂ ಎಷ್ಟೋ ವೇಳೆ ಅಲ್ಲಿಯೇ ಹೊಸದಾಗಿ ಕಲಿಯಬೇಕು. ಅದರೊಡನೆಯೇ ಮೂಳೆಗಳ ಹೆಸರುಗಳು, ಸ್ನಾಯುಗಳ ಹೆಸರುಗಳು, ಮೂರು ವರ್ಷಗಳ ಪಾಠ. ರಾಷ್ಟ್ರೀಯ ಪರೀಕ್ಷೆ ಪ್ರತಿವರ್ಷ ಫೆಬ್ರವರಿಯ ಕೊನೆಯಲ್ಲಿ; ಫಲಿತಾಂಶ ಮಾರ್ಚ್ ತಿಂಗಳ ಕೊನೆಯಲ್ಲಿ. ನಾಲ್ಕು ಚಾಪೆಗಳ ಕೋಣೆಯನ್ನು ಎಲ್ಲಿ ಹುಡುಕಬೇಕು, ಇಲ್ಲವೇ ಕೋಲು ಹಿಡಿದು ಮನೆಮನೆಗೆ ಹೊರಡಬೇಕೇ ಎಂಬ ಲೆಕ್ಕಾಚಾರ ಅದರ ಮರುದಿನದಿಂದ ಆರಂಭವಾಗುತ್ತದೆ.